ಹೊತ್ತು ಮುಳುಗದ ಊರಲ್ಲಿ ಧರಣಪ್ಪ

ಒಂದು ಒಗಟು ಬಿಡಿಸಿ ನೋಡೋಣ. ರಾತ್ರಿಯೇ ಇಲ್ಲದ ಊರಲ್ಲಿ ಕೋಳಿ ಯಾವಾಗ ಕೂಗುತ್ತೆ? ಗೊತ್ತಿಲ್ವಾ? ನನಗೂ ಗೊತ್ತಿಲ್ಲ. ಕತೆ ಕೇಳಿ.

ಜೈನರ ಮನೆ ಜ್ವಾಲಮ್ಮನಿಗೆ ಒಬ್ಬನೇ ಮಗ, ಧರಣಪ್ಪ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ಅವನ ರೋಗ. ವಯಸ್ಸು ಮೂವತ್ತೆರಡಾದ್ರೂ ಹೆಣ್ಣು ಕೊಡೋರಿಲ್ಲ. ಕೊನೆಗೆ ಬ್ರಹ್ಮಯ್ಯನೋರು ಅರ್ಧ ಮನಸ್ಸು ಮಾಡಿದ್ರು. "ನಡುರಾತ್ರಿ ಸೂರ್ಯನ್ನ ನೋಡೋಕೆ ಮಗಳು ವಿಜಯನ ಜೊತೆ ನಾರ್ವೆಗೆ ಹೊರಟಿದ್ದೀನಿ. ಹುಡುಗನೂ ಬರ್ಲಿ. ಹತ್ತು ದಿನದಲ್ಲಿ ಗುಣ ತಿಳಿಯುತ್ತೆ."

ಗುಣ ತಿಳಿಯೋದೇ ಜ್ವಾಲಮ್ಮನಿಗೆ ಭಯ. "ಮಗನೇ, ನಮ್ಮ ಮನೆ ಕ್ರಮ ಬಿಡಬೇಡ. ಹೊತ್ತು ಮುಳುಗೋವರೆಗೂ ತಿನ್ನು. ಮುಳುಗಿದ ಮೇಲೆ ಮುಟ್ಟಬೇಡ."

"ಆಗ್ಲಿ ಅಮ್ಮ."

ಹೋದ. ಹೊತ್ತು ಮುಳುಗ್ಲಿಲ್ಲ. ತಿಂದ. ಆಗ್ಲೂ ಮುಳುಗ್ಲಿಲ್ಲ. ಮತ್ತೆ ತಿಂದ. ಹತ್ತು ದಿನಕ್ಕೆ ಅಂತ ತಂದ ಚಕ್ಕುಲಿ, ಅವಲಕ್ಕಿ, ಕೊಬ್ಬರಿ ಮಿಠಾಯಿ ಎರಡೇ ದಿನಕ್ಕೆ ಖಾಲಿ.

ಜ್ವಾಲಮ್ಮ ಫೋನಲ್ಲಿ ಬೈದಳು. "ಅಯ್ಯೋ ಮಂಕೇ, ಸೂರ್ಯನ್ನ ಯಾಕೋ ನೋಡ್ತೀಯ? ಗಡಿಯಾರ ನೋಡು. ಸಂಜೆ ಆರು ಹೊಡೆದ್ರೆ ಬಾಯಿ ತೆರೀಬೇಡ."

"ಆಗ್ಲಿ ಅಮ್ಮ."

ಮರುದಿನ ಸಂಜೆ ಏಳಕ್ಕೆ ಬ್ರಹ್ಮಯ್ಯನೋರು ಪಕ್ಕಕ್ಕೆ ಕರೆದು ಕೇಳಿದ್ರು, "ನಮ್ಮ ವಿಜಯ ನಿನಗೆ ಒಪ್ಪಿಗೆಯೇನಪ್ಪ?"

ಧರಣಪ್ಪ ತುಟಿ ಬಿಗಿದು ಗಡಿಯಾರ ತೋರಿಸಿದ. ಮೂರು ಸಲ ಕೇಳಿದ್ರು, ಮೂರು ಸಲ ತೋರಿಸಿದ. "ಏನು ಸೊಕ್ಕು ಇವನಿಗೆ" ಅಂತ ಎದ್ದುಹೋದ್ರು.

ಮರುದಿನ ಫೋನಲ್ಲಿ ಸುದ್ದಿ ಕೇಳಿ ಜ್ವಾಲಮ್ಮ ಹಣೆ ಚಚ್ಚಿಕೊಂಡಳು. "ಈಗ ಕೋಪದಲ್ಲಿದ್ದಾರೆ, ಹತ್ರ ಹೋಗಬೇಡ. ಎಲ್ಲಾದ್ರೂ ಸುಮ್ನೆ ಕೂತಿರು. ಹೊತ್ತು ಹುಟ್ಟಿದ ತಕ್ಷಣ ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನು."

"ಆಗ್ಲಿ ಅಮ್ಮ."

ಸಮುದ್ರದ ದಂಡೆ ಬಂಡೆ ಮೇಲೆ ಕೂತ. ಒಂದು ದಿನ ಆಯ್ತು, ಎರಡಾಯ್ತು. ಊರಿಗೆ ಹೊರಡೋ ದಿನ ವಿಜಯನೇ ಓಡಿಬಂದಳು.

"ಏಳಿ, ಬಸ್ಸು ಹೊರಡ್ತಿದೆ. ಅಪ್ಪನ್ನ ಒಪ್ಪಿಸಿದ್ದೀನಿ. ನನಗೂ ಒಪ್ಪಿಗೆ."

"ಹೊತ್ತು ಹುಟ್ಲಿ."

"ಮುಳುಗಿದ್ರೆ ತಾನೇ ಹುಟ್ಟೋದು?"

"ಹಾಗಾದ್ರೆ ಮೊದಲು ಮುಳುಗ್ಲಿ."

ವಿಜಯ ತನ್ನ ಕೈಗಡಿಯಾರ ನೋಡಿದಳು. ಆಮೇಲೆ ಹೋಗಿ ಬಸ್ಸು ಹತ್ತಿದಳು.

ಎಷ್ಟೋ ವಾರ ಆದ್ಮೇಲೆ ಸೂರ್ಯ ಒಂದು ಗಳಿಗೆ ಮುಳುಗಿ ಎದ್ದ. ಧರಣಪ್ಪ ಧಡಕ್ಕನೆ ಎದ್ದು, ಪಕ್ಕದಲ್ಲಿ ಮೇಯ್ತಿದ್ದ ಹಿಮಸಾರಂಗದ ಕಾಲು ತಬ್ಬಿಕೊಂಡ. "ತಪ್ಪಾಯ್ತು ಮಾವ, ನಿಮ್ಮ ಹುಡುಗಿ ನನಗೆ ಒಪ್ಪಿಗೆ."

ಸಾರಂಗ ತಲೆ ಆಡಿಸ್ತು.

ಆಡಿಸ್ಲಿಲ್ಲ. ಸಾರಂಗವೂ ಇಲ್ಲ, ಈ ಕೊನೆ ನಾನೇ ಕಟ್ಟಿದ್ದು. "ನನ್ನ ಮಗನ್ನ ಯಾರಾದ್ರೂ ಒಪ್ಪಿದ್ರೇನೋ?" ಅಂತ ಜ್ವಾಲಮ್ಮ ನನ್ನನ್ನ ಕೇಳ್ತಾನೇ ಇದ್ಲು. ಏನೋ ಒಂದು ಹೇಳಬೇಕಿತ್ತಲ್ಲ.