ಮುಳ್ಳು ತೆಗೆಯದ ಮೀನು

ಹೊಳೆ ಕಡಲನ್ನು ಸೇರುವ ಕಡೆ, ದಂಡೆಯ ಮೇಲೆ ಮಾಸ್ತಜ್ಜಿಯ ಕುಟೀರವಿತ್ತು. ಅಜ್ಜಿ ಮಂತ್ರ ಹೇಳಿಕೊಡುತ್ತಿರಲಿಲ್ಲ. ಕೆಂಡದ ಮೇಲೆ ಮೀನು ಸುಡುವುದನ್ನು ಕಲಿಸುತ್ತಿದ್ದಳು. ಆದರೂ ಜನ ಅವಳನ್ನು ಗುರು ಎಂದೇ ಕರೆಯುತ್ತಿದ್ದರು. ಏಕೆಂದರೆ ಮೀನು ಸುಡಲು ಕಲಿಯಹೋದವರು ಬೇರೆ ಏನನ್ನೋ ಕಲಿತು ಬರುತ್ತಿದ್ದರು.

ಸುಬ್ರಾಯ ಅವಳ ಶಿಷ್ಯ. ವಯಸ್ಸು ನಲವತ್ತು ದಾಟಿತ್ತು. ಮೊದಲು ಪೇಟೆಯ ಒಂದು ಊಟದ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಒಂದು ಮಧ್ಯಾಹ್ನ ಅವನು ಬಡಿಸಿದ ಮೀನಿನ ಮುಳ್ಳು ಒಂದು ಮಗುವಿನ ಗಂಟಲಿಗೆ ಸಿಕ್ಕಿಕೊಂಡಿತು. ಮಗುವಿಗೆ ಉಸಿರು ಕಟ್ಟಿತು. ಸುಬ್ರಾಯ ಹಿಂಬಾಗಿಲಿನಿಂದ ಓಡಿಹೋದ.

ಯಾರನ್ನಾದರೂ ಕರೆತರಲು ಓಡಿದ್ದಲ್ಲ. ಹೆದರಿ ಓಡಿದ್ದು, ಅಷ್ಟೇ.

ಯಾರೋ ಬೆನ್ನಿಗೆ ಗುದ್ದಿದ್ದರಿಂದ ಮುಳ್ಳು ಹೊರಬಿದ್ದು ಮಗು ಬದುಕಿತು. ಆದರೆ ಅಂದಿನಿಂದ ಮೀನು ಮುಟ್ಟಿದರೆ ಸಾಕು, ಸುಬ್ರಾಯನ ಕೈ ನಡುಗುತ್ತಿತ್ತು.

ಕುಟೀರಕ್ಕೆ ಬಂದ ಮೇಲೂ ಹಾಗೆಯೇ. ಮೀನು ಸುಟ್ಟವನೇ ಅದನ್ನು ಬಿಡಿಸಿ ಮುಳ್ಳು ಹುಡುಕುತ್ತ ಕೂರುತ್ತಿದ್ದ. ಕೊನೆಗೆ ಎಲೆಯ ಮೇಲೆ ಉಳಿಯುತ್ತಿದ್ದುದು ಬರೀ ಪುಡಿ.

"ಇದೇನು ಮಾರಾಯ, ಮೀನೋ ಅವಲಕ್ಕಿಯೋ?" ಎಂದು ಅಜ್ಜಿ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಅಜ್ಜಿ ಮುಳ್ಳು ಜಾಸ್ತಿ ಇರುವ ಎರಡು ಹೊಳೆಮೀನು ತಂದು ಅವನ ಮುಂದಿಟ್ಟಳು.

"ಒಂದನ್ನು ಸುಡು. ಒಂದು ಮುಳ್ಳೂ ತೆಗೆಯಬೇಡ. ನಾನು ತಿನ್ನುತ್ತೇನೆ."

"ಅಜ್ಜಿ, ನಿಮಗೆ ಹಲ್ಲಿಲ್ಲ. ಕಣ್ಣೂ ಮಂಜು."

"ಹಸಿವಿದೆಯಲ್ಲ."

"ಬೇಡ ಅಜ್ಜಿ. ನನ್ನಿಂದ ಆಗುವುದಿಲ್ಲ."

"ಆಗದಿದ್ದರೆ ಸಂಜೆ ದೋಣಿಗೆ ಹೊರಡು. ತಿನ್ನುವವರ ಎದುರು ಕೂರಲಾರದವನಿಗೆ ಒಲೆ ಯಾಕೆ?"

ಹೊರಟರೂ ಅವನಿಗೆ ಹೋಗಲು ಜಾಗವಿರಲಿಲ್ಲ. ಅಡುಗೆ ಬಿಟ್ಟು ಬೇರೆ ಕೆಲಸವೂ ಗೊತ್ತಿರಲಿಲ್ಲ.

ಸುಬ್ರಾಯ ಹುಳಿಗೆಂದು ಮುರುಗಲು ಹಣ್ಣು ಹಿಸುಕಿ, ಬೆಲ್ಲ, ಮೆಣಸು, ಉಪ್ಪು ಹಾಕಿ ಕುದಿಸಿದ. ರಸ ಕಡುಗೆಂಪಾಗಿ, ಕೈಗೆ ಅಂಟುವಷ್ಟು ಗಟ್ಟಿಯಾಯಿತು. ಆಗಲೂ ಅವನ ಕಣ್ಣು ಮೀನಿನ ಮೇಲೆಯೇ ಇತ್ತು. ಈ ಬದಿಗೆ ಎಷ್ಟು ಮುಳ್ಳು, ಆ ಬದಿಗೆ ಎಷ್ಟು ಎಂದೇ ಯೋಚಿಸುತ್ತಿದ್ದ.

ಮೀನು ಮುಕ್ಕಾಲು ಬೆಂದ ಮೇಲೆ ರಸ ಸವರಿದ. ಮೊದಲೇ ಸವರಿದರೆ ಬೆಲ್ಲ ಸೀದು ಕಹಿಯಾಗುತ್ತದೆ. ಒಂದು ಹನಿ ಕೆಳಗೆ ಬಿದ್ದು ಕೆಂಡ ಚಟಾರೆಂದಿತು. ಸುಬ್ರಾಯ ಬೆಚ್ಚಿ ಹಿಂದೆ ಸರಿದ.

"ಕೆಂಡಕ್ಕೂ ಮುಳ್ಳಿದೆಯೇನೋ?" ಅಜ್ಜಿ ನಕ್ಕಳು.

ಅವನು ಬಾಳೆ ಎಲೆಯಲ್ಲಿ ಮೀನನ್ನು ಬಡಿಸಿದ. ಅಜ್ಜಿ ಬೆರಳಿನಿಂದ ತಡವಿ, ಒಂದು ಮುಳ್ಳನ್ನು ಎಲೆಯ ಅಂಚಿಗಿಟ್ಟು, ತುತ್ತು ಬಾಯಿಗಿಟ್ಟಳು. ನುಂಗಿದಳು. ಎದುರು ಕೂತ ಸುಬ್ರಾಯನೂ ಉಗುಳು ನುಂಗಿದ.

ಎರಡನೆಯ ತುತ್ತು. ಅವನು ಮತ್ತೆ ಉಗುಳು ನುಂಗಿದ.

ಮೂರನೆಯ ತುತ್ತಿಗೆ ಅಜ್ಜಿಯ ಕೈ ಗಂಟಲಿಗೆ ಹೋಯಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮುಖ ಕಪ್ಪಿಟ್ಟಿತು.

ಸುಬ್ರಾಯ ಎದ್ದ. ಅವನ ಕಾಲು ಬಾಗಿಲ ಕಡೆ ಹೊರಟಿತು. ಒಂದು ಹೆಜ್ಜೆ ಇಟ್ಟೂ ಆಯಿತು. ಎದುರಿಗೆ ದಾರಿ ಖಾಲಿ. ದಂಡೆಯ ಮೇಲೂ ಯಾರೂ ಇಲ್ಲ. ಯಾರೂ ಇಲ್ಲವೆಂದರೆ, ಅಜ್ಜಿಯ ಬೆನ್ನಿಗೆ ಗುದ್ದುವವರೂ ಇಲ್ಲ.

ಅವನು ತಿರುಗಿದ. ಅಜ್ಜಿಯನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದ. ಒಂದು ಸಲ. ಎರಡು ಸಲ. ಮೂರನೆಯ ಗುದ್ದಿಗೆ ಏನೋ ಎಲೆಯ ಮೇಲೆ ಬಿತ್ತು. ಅಜ್ಜಿ ದೊಡ್ಡದಾಗಿ ಉಸಿರೆಳೆದುಕೊಂಡಳು.

ಬಿದ್ದದ್ದು ಮುಳ್ಳಲ್ಲ. ಮುರುಗಲಿನ ಬೀಜ.

"ಅಯ್ಯೋ, ಬೀಜ ತೆಗೆಯಬೇಕಿತ್ತು!" ಸುಬ್ರಾಯ ನೀರಿನ ಲೋಟವನ್ನು ಅಜ್ಜಿಯ ಮುಂದಿಟ್ಟ. "ಮುಳ್ಳನ್ನೇ ನೋಡುತ್ತಿದ್ದೆ ಅಜ್ಜಿ, ಇದು ಕಾಣಲೇ ಇಲ್ಲ. ನನ್ನನ್ನು ಕಳಿಸಿಬಿಡಿ. ನಾಳೆ ಇನ್ನೇನು ಮರೆಯುತ್ತೇನೋ. ನನಗೆ ಭಯ ಹೋಗಿಲ್ಲ. ನೋಡಿ, ಕೈ ಇನ್ನೂ ನಡುಗುತ್ತಿದೆ."

ಅಜ್ಜಿ ನೀರು ಕುಡಿದಳು. ಬೀಜವನ್ನು ಎತ್ತಿ ಎಲೆಯ ಅಂಚಿನ ಮುಳ್ಳಿನ ಪಕ್ಕಕ್ಕಿಟ್ಟಳು. ಆಮೇಲೆ ಅವನ ಕೈಯನ್ನು ತನ್ನ ಕೈಯಲ್ಲಿ ಹಿಡಿದಳು.

"ಗುದ್ದುವಾಗಲೂ ನಡುಗುತ್ತಲೇ ಇತ್ತು. ಇನ್ನೊಂದು ಮೀನು ಕೆಂಡಕ್ಕೆ ಹಾಕು, ನನಗೂ ಹಸಿವು ಹೋಗಿಲ್ಲ."