ಶಂಭು ಕಟ್ಟಿದ ಅಂಬಿಗ

ಹೊಳೆದಂಡೆಯ ಆಶ್ರಮದಲ್ಲಿ ನಿಜಗುಣ ಗುರುಗಳ ಬಳಿ ಶಂಭು ಎಂಬ ಶಿಷ್ಯನಿದ್ದ. ಅವನು ಕತೆ ಹೇಳಲು ಕೂತನೆಂದರೆ ಕೇಳುವವರು ಎವೆಯಿಕ್ಕುತ್ತಿರಲಿಲ್ಲ.

ಒಮ್ಮೆ ಅವನೊಂದು ಹೊಸ ಕತೆ ಕಟ್ಟಿದ. ಒಬ್ಬ ಅಂಬಿಗ. ಒಂಟಿಯಾಗಿ ಬಂದವರನ್ನು ಹರಿಗೋಲಿಗೆ ಹತ್ತಿಸಿಕೊಳ್ಳುತ್ತಾನೆ. ಮೆಲ್ಲಗೆ ಗುನುಗುತ್ತ ನಡುಹೊಳೆಗೆ ಒಯ್ಯುತ್ತಾನೆ. ಅಲ್ಲಿ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾನೆ. ದಡಕ್ಕೆ ಮರಳುವುದು ಅವನೊಬ್ಬನೇ.

ಕತೆ ಊರೂರಿಗೆ ಹಬ್ಬಿತು. ಜನ ಆ ಕೊಲೆಗಾರನನ್ನೇ ಮೆಚ್ಚಿಕೊಂಡರು. ಪಡ್ಡೆ ಹುಡುಗರು ಅವನಂತೆ ಗುನುಗುತ್ತ ತಿರುಗಿದರು. ಅರಳಿಕಟ್ಟೆಗಳ ಮೇಲೆ ಜಗಳ ಹತ್ತಿಕೊಂಡಿತು.

"ಇಂಥವನನ್ನು ಮೆಚ್ಚುವವರ ಹೊಟ್ಟೆಯಲ್ಲೂ ವಿಷವೇ ಇರಬೇಕು" ಎಂದರು ಕೆಲವರು.

"ಕತೆ ಕತೆಯಷ್ಟೆ. ಅದರಿಂದ ಯಾರ ಮೈಗೆ ಗಾಯವಾದೀತು?" ಎಂದರು ಇನ್ನು ಕೆಲವರು.

ಒಂದು ಬೆಳಿಗ್ಗೆ ಶಂಭು ಏದುಸಿರು ಬಿಡುತ್ತ ಓಡಿಬಂದ. ಮುಖ ಬಿಳಿಚಿಕೊಂಡಿತ್ತು.

"ಗುರುಗಳೇ, ಸಣ್ಣಯ್ಯನ ಗುಡಿಸಲಿಗೆ ಬೆಂಕಿ ಇಟ್ಟಿದ್ದಾರೆ!"

ಸಣ್ಣಯ್ಯ ಆ ಹೊಳೆಯ ಅಂಬಿಗ. ಕತೆಯವನಲ್ಲ, ನಿಜದವನು.

"ಯಾಕಂತೆ?" ಎಂದರು ಗುರುಗಳು.

"ಊರಿನ ಹೆಂಗಸೊಬ್ಬಳು ಕಾಣಲಿಲ್ಲವಂತೆ. ಇವನೇ ನಡುಹೊಳೆಯಲ್ಲಿ ಮುಳುಗಿಸಿದ ಎಂದು ಜನ ನುಗ್ಗಿದರಂತೆ. ಅವಳು ತವರಿಗೆ ಹೋಗಿದ್ದಳು. ಈಗ ಮರಳಿ ಬಂದಿದ್ದಾಳೆ."

"ಬೆಂಕಿ ಇಟ್ಟವರು ಕತೆಯ ಕೊಲೆಗಾರನನ್ನು ಮೆಚ್ಚಿದವರೋ, ಬೈದವರೋ?"

ಶಂಭು ತಲೆ ತಗ್ಗಿಸಿದ. "ಎರಡೂ ಕಡೆಯವರು ಇದ್ದರಂತೆ."

ಮರುಕ್ಷಣವೇ ತಲೆ ಎತ್ತಿದ.

"ನಾನೇನು ಮಾಡಿದೆ ಗುರುಗಳೇ? ಕತೆಯನ್ನು ಕತೆಯೆಂದೇ ಹೇಳಿದೆ. ಕತೆ ಯಾವುದು, ನಿಜ ಯಾವುದು ಎಂದು ಬೇರ್ಪಡಿಸಲು ಬಾರದವರ ತಪ್ಪಿಗೆ ನಾನು ಹೊಣೆಯೇ?"

"ನಿನಗೆ ಬೇರ್ಪಡಿಸಲು ಬರುತ್ತದೆಯೇ?"

"ನಾನೇ ಕಟ್ಟಿದ್ದಲ್ಲವೇ? ನನಗೆ ಬಾರದೆ ಇನ್ಯಾರಿಗೆ ಬರುತ್ತದೆ!"

"ಹಾಗಾದರೆ ಸಣ್ಣಯ್ಯನ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿ ಬಾ. ಒಬ್ಬನೇ."

ಇಬ್ಬರೂ ದಂಡೆಗೆ ಇಳಿದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸುಟ್ಟ ಗುಡಿಸಲಿನ ಮುಂದೆ ಕೂತಿದ್ದ ಸಣ್ಣಯ್ಯ ಶಂಭುವನ್ನು ಕಂಡು ಎದ್ದ. ಅವನ ಹುಬ್ಬು ಅರ್ಧ ಸುಟ್ಟಿತ್ತು. ಏನೂ ಕೇಳದೆ ಹರಿಗೋಲಿನ ಹಗ್ಗ ಬಿಚ್ಚಿದ.

ಶಂಭು ಹಿಂದಿರುಗಿ ನೋಡಿದ. ಗುರುಗಳು ದಂಡೆಯ ಮೇಲೆ ನಿಂತೇ ಇದ್ದರು. ಹತ್ತಿದ.

ಸಣ್ಣಯ್ಯ ಗುನುಗಲಿಲ್ಲ. ಮೊದಲಾದರೆ ಗುನುಗದೆ ಹುಟ್ಟು ಹಾಕಿದವನೇ ಅಲ್ಲ. ಆ ಗುನುಗನ್ನು ಶಂಭು ತನ್ನ ಕತೆಗೆ ಎತ್ತಿಕೊಂಡಿದ್ದು ಇವನ ಬಾಯಿಂದಲೇ.

ನಡುಹೊಳೆಯಲ್ಲಿ ಹುಟ್ಟು ನಿಂತಿತು.

ಹರಿಗೋಲು ಗಿರ್ರನೆ ತಿರುಗತೊಡಗಿತು. ಒಮ್ಮೆ ಈ ದಡ, ಒಮ್ಮೆ ಆ ದಡ, ಮಧ್ಯೆ ಬರೀ ನೀರು. 'ಇವನು ಸಣ್ಣಯ್ಯ. ನನ್ನ ಕತೆಯವನಲ್ಲ' ಎಂದು ಶಂಭು ಮನಸ್ಸಿಗೆ ಹೇಳಿಕೊಂಡ. ಮೈ ಕೇಳಲಿಲ್ಲ. ಬೆರಳುಗಳು ಹರಿಗೋಲಿನ ಅಂಚನ್ನು ಕಚ್ಚಿ ಹಿಡಿದವು.

"ಯಾಕೆ... ಯಾಕೆ ನಿಲ್ಲಿಸಿದೆ ಸಣ್ಣಯ್ಯ?"

"ಕೈ ಆಡ್ತಿಲ್ಲ ಬುದ್ಧಿ."

ಆಗ ಶಂಭು ನೋಡಿದ. ಹುಟ್ಟು ಹಿಡಿದ ಆ ಕೈಗಳು ಗಡಗಡ ನಡುಗುತ್ತಿದ್ದವು.

"ನಿಮ್ಮನ್ನ ಕಂಡ್ರೆ ಭಯ ಆಯ್ತದೆ ಬುದ್ಧಿ. ಹೋಗಿ ಇನ್ನೇನು ಕತೆ ಕಟ್ತೀರೋ. ಈಗ ನೀವು ಜಾರಿ ಬಿದ್ರೂ ನಾನೇ ಕೊಂದೆ ಅಂತಾರೆ." ಅವನ ದನಿ ಒಡೆಯಿತು. "ಗಟ್ಟಿಯಾಗಿ ಹಿಡ್ಕೊಂಡಿರಿ. ನಿಮ್ಮ ಕಾಲಿಗೆ ಬೀಳ್ತೀನಿ, ಬೀಳಬೇಡಿ."

ಒಬ್ಬರ ಕೈಯನ್ನು ಒಬ್ಬರು ನೋಡುತ್ತ ಇಬ್ಬರೂ ಕೂತರು. ಹರಿಗೋಲು ಸುಳಿಯ ಕಡೆಗೆ ಜಾರುತ್ತಿತ್ತು.

"ಸಣ್ಣಯ್ಯ, ಹಿಂದಕ್ಕೆ ಹೋಗೋಣ" ಎಂದ ಶಂಭು ಕೊನೆಗೆ. "ನಾನು ಬೀಳೋದಿಲ್ಲ."

ಸಣ್ಣಯ್ಯ ಹೇಗೋ ಹರಿಗೋಲನ್ನು ಈಚೆ ದಡ ಮುಟ್ಟಿಸಿದ. ತಲೆಯೆತ್ತದೆ ನಡೆದುಹೋಗಿ ತನ್ನ ಗುಡಿಸಲಿನ ಬೂದಿ ಕೆದಕುತ್ತ ಕೂತ.

ಶಂಭು ಗುರುಗಳ ಪಾದ ಹಿಡಿದ.

"ನನಗೂ ಬೇರ್ಪಡಿಸಲು ಬರಲಿಲ್ಲ ಗುರುಗಳೇ. ಆ ಕತೆಯನ್ನು ಇನ್ನು ಬಾಯಲ್ಲಿ ತರುವುದಿಲ್ಲ."

"ಯಾಕೆ? ಒಳ್ಳೆಯ ಕತೆ. ಸಂಜೆ ಜನ ಬರುತ್ತಾರೆ, ಹೇಳು."

ಶಂಭು ಬೆಚ್ಚಿದ. "ಇಷ್ಟೆಲ್ಲ ಆದ ಮೇಲೆ ಹೇಗೆ ಹೇಳಲಿ?"

ಗುರುಗಳು ಬೂದಿಯ ಮುಂದೆ ಕೂತಿದ್ದವನ ಕಡೆ ನೋಡಿದರು.

"ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳು."