ಎರಡು ಕೆಲಸಕ್ಕೆ ಒಂದೇ ಸೆಟ್ಟಿಂಗು

ಆ ಮಹಾಪೂರ ಕಂಡು ಬದುಕಿ ಹೇಳುವವನು ನಾನೊಬ್ಬನೇ. ಹೊಳೆ ಎಷ್ಟು ಅಗಲವಾಗಿತ್ತೆಂದರೆ, ದಾಟಲು ಹೊರಟ ಕಾಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿತ್ತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ದಂಡೆಯ ಮಠದಲ್ಲಿ ಒಂದು ಸರ್ವರ್ ಇತ್ತು. ನಡುಗಡ್ಡೆಯವರಿಗೆ ದೋಣಿ ಬೇಕಾದರೆ ಮೊಬೈಲಿನಿಂದ ಅದಕ್ಕೆ ಬೇಡಿಕೆ ಕಳಿಸಬೇಕು. ಅದನ್ನು ಕಟ್ಟಿದವನು ಮಠದ ಗುರುಗಳ ಶಿಷ್ಯ ಗುರುಶಾಂತ. ನೋಡಿಕೊಳ್ಳುವವನು ದ್ಯಾಮಣ್ಣ.

ಪೂರದ ದಿನ ಊರೂರಿನ ಜನ ಅದರ ಪುಟ ತೆರೆದು ಸುಮ್ಮನೆ ನೋಡುತ್ತ ಕೂತರು. ಸರ್ವರಿನಲ್ಲಿ ಹೊಸ ಬೇಡಿಕೆಗೆ ಜಾಗವೇ ಉಳಿಯಲಿಲ್ಲ. ಸುಮ್ಮನೆ ಕೂತವರನ್ನು ಬೇಗ ಎಬ್ಬಿಸೋಣವೆಂದು ದ್ಯಾಮಣ್ಣ, ಎಷ್ಟು ಹೊತ್ತಾದರೆ ಸಂಪರ್ಕ ಕಡಿಯಬೇಕೆಂದು ಹೇಳುವ 'ಟೈಮ್‌ಔಟ್' ಎಂಬ ಸೆಟ್ಟಿಂಗನ್ನು ಐದು ಸೆಕೆಂಡಿಗೆ ಇಳಿಸಿದ.

ನಡುಗಡ್ಡೆಯ ಸಿಗ್ನಲ್ಲು ಬಸವನಹುಳು. ಅಲ್ಲಿಂದ ಹೊರಟ ಬೇಡಿಕೆ ಪೂರ್ತಿ ಬರುವ ಮೊದಲೇ ಸರ್ವರ್ ಪ್ರತಿ ಸಲವೂ ಸಂಪರ್ಕ ಕಡಿಯಿತು.

ಅಲ್ಲಿ ಹಾವು ಕಡಿದ ಒಂದು ಕೂಸು ದೋಣಿ ಕಾಯುತ್ತಲೇ ಪ್ರಾಣ ಬಿಟ್ಟಿತು.

ಮರುದಿನ ಗುರುಶಾಂತ ಗುರುಗಳ ಮುಂದೆ ನಿಂತ.

"ದ್ಯಾಮಣ್ಣನ್ನ ಮಠ ಬಿಡಸ್ರಿ ಅಜ್ಜಾರ. ಇಲ್ಲಂದ್ರ ನಾ ಹೋಗ್ತೀನಿ."

"ಅಂವ ಏನ್ ಮಾಡಿದ?"

"ಟೈಮ್‌ಔಟ್ ಇಳಿಸಿದ. ಅದು ಸುಮ್ನ ಕೂತವರನ್ನೂ ಕಡೀತದ, ಸಾವಕಾಶ ಮಾತಾಡೋರನ್ನೂ ಕಡೀತದ. ಅಷ್ಟು ತಿಳೀಬ್ಯಾಡೇನ್ರಿ?"

"ಎಲ್ಲಿ ಬರದದ?"

"ಬರದಿಲ್ರಿ. ತಿಳದವರಿಗೆ ತಿಳೀತದ."

"ತಿಳದವರು ಯಾರ್ಯಾರು?"

"ನಾ ಒಬ್ಬಾಂವ್ರಿ."

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು.

"ಇವತ್ತು ಪಂಕ್ತಿ ನೀ ನೋಡ್ಕೊ," ಎಂದರು ಗುರುಗಳು. "ಹೊರಗ ಜನ ಹಸದು ನಿಂತಾರ. ಎರಡನೇ ಗಂಟಿಗೆ ಕೂತವರನ್ನೆಲ್ಲ ಎಬ್ಬಸು."

ಎರಡನೇ ಗಂಟೆಗೆ, ಉಂಡು ಹರಟೆ ಹೊಡೆಯುತ್ತಿದ್ದವರು ಎದ್ದರು. ಹಲ್ಲಿಲ್ಲದ ನೀಲವ್ವನ ಎಲೆಯಲ್ಲಿ ಅನ್ನ ಇನ್ನೂ ಅರ್ಧ ಇತ್ತು.

"ಹಲ್ಲು ಕೊಡೋ ಯಪ್ಪಾ, ಈಗ ಏಳ್ತೀನಿ!" ಎಂದಳು ಮುದುಕಿ.

ಗುರುಶಾಂತನ ಕೈ ಮುಂದೆ ಹೋಗಲಿಲ್ಲ.

"ಯಾಕ ನಿಂತಿ?" ಗುರುಗಳು ಬಾಗಿಲಿನಿಂದ ಕೇಳಿದರು.

"ಈಕಿ ಇನ್ನೂ ಉಣ್ಣಾಕತ್ತಾಳ್ರಿ."

"ನಾ ಹೇಳಿದ್ದು ಒಂದ ಮಾತು. ಎಬ್ಬಸು."

ಗುರುಶಾಂತ ಎಬ್ಬಿಸಲಿಲ್ಲ. ಓಡಿಹೋಗಿ ಸೆಟ್ಟಿಂಗನ್ನು ಎರಡು ಮಾಡಿದ. 'ಏನೂ ಕಳಿಸದೆ ಕೂತವರಿಗೆ ಎಷ್ಟು ಹೊತ್ತು.' 'ಬೇಡಿಕೆ ಕಳಿಸುತ್ತಿರುವವರಿಗೆ ಎಷ್ಟು ಹೊತ್ತು.' ಅವೆರಡನ್ನೂ ಬರೆದು ತಂದು ಗುರುಗಳಿಗೆ ತೋರಿಸಿದ.

"ಈಗ ಯಾರಿಗ್ಯಾದ್ರೂ ತಿಳೀತದ್ರಿ ಅಜ್ಜಾರ. ದ್ಯಾಮಣ್ಣ ಇರ್ಲಿ."

ಗುರುಗಳು ಓದಿದರು. ಮತ್ತೊಮ್ಮೆ ಓದಿದರು.

"ಚಂದ ಬರದಿ. ನಡುಗಡ್ಡಿಗೆ ಹೋಗು, ಆ ಕೂಸಿನ ತಾಯಿಗೆ ಓದಿ ಹೇಳಿ ಬಾ."